ಗೇಟಿನ ಬಳಿಯ ಉಷ್ಣಮಾಪಕ

ಚಳಿಗಾಲದಲ್ಲಿ ಬೆಳಗಿನ ನನ್ನ ಮೊದಲ ಕೆಲಸ ಮಕ್ಕಳ ಕೈ ಮುಟ್ಟಿ ನೋಡುವುದು. ನಾನು ಶಿಶುವಿಹಾರದ ನರ್ಸ್. ಕೋಟು, ಟೋಪಿ, ಕೈಗವಸು ಕಳಚಿ ಸಾಲಾಗಿ ಬರುವ ಮಕ್ಕಳ ಎರಡೂ ಕೈಗಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು, ಗಂಟಲು ನೋಡಿ, ಕೆನ್ನೆ ತಟ್ಟಿ ಒಳಗೆ ಬಿಡುತ್ತೇನೆ. ಹತ್ತಿರದ ಮನೆಯ ಮಗುವಿನ ಕೈ ಬೆಚ್ಚಗಿರುತ್ತದೆ, ನದಿ ದಾಟಿ ಬರುವ ಮಗುವಿನ ಕೈ ಮೀನಿನ ಹಾಗಿರುತ್ತದೆ. ಯಾವ ಕೈ ಯಾರದೆಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ.

ಎರಡನೆಯ ಕೆಲಸ ಹೊರಗೆ ಹೋಗಿ ಗೇಟಿನ ಬಳಿಯ ಬಿಳಿ ಪೆಟ್ಟಿಗೆಯನ್ನು ತೆರೆಯುವುದು. ಅದನ್ನು ನಾರಿನ್ ಪಟ್ಟಣದ ಶಾಖ ಕಚೇರಿಯವರು ಶರತ್ಕಾಲದಲ್ಲಿ ತಂದು ನಿಲ್ಲಿಸಿದ್ದರು. ಕಟ್ಟಡದ ಉತ್ತರಕ್ಕೆ, ಬಿಸಿಲು ಬೀಳದ ಕಡೆ, ಗೋಡೆಯ ಬಿಸಿ ತಾಗದಷ್ಟು ದೂರದಲ್ಲಿ ಒಂದು ಕಂಬ. ಕಂಬದ ಮೇಲೆ ಗಾಳಿಯಾಡಲು ಸಂದುಗಳಿರುವ ಮರದ ಪೆಟ್ಟಿಗೆ. ಒಳಗೆ ಒಂದು ಉಷ್ಣಮಾಪಕ. ಬೆಳಿಗ್ಗೆ, ಮಧ್ಯಾಹ್ನ, ಮತ್ತೆ ಸಂಜೆ ಮಕ್ಕಳು ಮನೆಗೆ ಹೋಗುವಾಗ ನಾನು ಅದನ್ನು ನೋಡಿ ಬರೆದುಕೊಳ್ಳಬೇಕು. ಬಾಯ್ಲರ್ ಮನೆಯಲ್ಲಿ ಕದಿರಾಲಿ ಅದನ್ನು ಕೇಳಿ ತಿಳಿದುಕೊಂಡು ಬೆಂಕಿಗೆ ಕಲ್ಲಿದ್ದಲು ಹಾಕಬೇಕು. ತಿಂಗಳ ಕೊನೆಗೆ ಕಚೇರಿಯವರು ಹೊರಗಿನ ಚಳಿಯನ್ನೂ ಸುಟ್ಟ ಕಲ್ಲಿದ್ದಲನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಚಳಿ ಹೆಚ್ಚಿದ್ದು ಕಲ್ಲಿದ್ದಲು ಹೆಚ್ಚು ಉರಿದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಚಳಿ ಕಡಿಮೆಯಿದ್ದೂ ಕಲ್ಲಿದ್ದಲು ಕರಗಿದ್ದರೆ ಕಟ್ಟಡ ಸೋರುತ್ತಿರಬೇಕು, ಇಲ್ಲವೇ ಯಾರೋ ಕದಿಯುತ್ತಿರಬೇಕು.

ನಮ್ಮ ಕಟ್ಟಡ ಸೋರುತ್ತಿರಲಿಲ್ಲ. ಬೇಸಿಗೆಯಲ್ಲೇ ಕಿಟಕಿಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದರು.

ನಡುಚಳಿಗಾಲದ ನಲವತ್ತು ದಿನಗಳು ಶುರುವಾದ ಮೇಲೆ ಶಾಖ ಕಚೇರಿಯಿಂದ ಮೆದರ್‌ಬೆಕ್ ಬಂದ. ಚಿಕ್ಕ ವಯಸ್ಸಿನವನು, ಮಾತು ಮೆತ್ತಗೆ. ನನ್ನನ್ನು ಅಕ್ಕ ಎನ್ನುವಂತೆ ಎಜೆ ಎಂದು ಕೂಗಿ ಪೆಟ್ಟಿಗೆಯ ಹತ್ತಿರ ಕರೆದ.

"ನಾಜಿರಾ ಎಜೆ, ನಿಮ್ಮ ಲೆಕ್ಕದ ಪ್ರಕಾರ ಈ ಗೇಟಿಗೆ ಆಗಲೇ ವಸಂತ ಬಂದಿದೆ," ಎಂದು ನಕ್ಕ. "ಊರೆಲ್ಲ ಮೈನಸ್ ಇಪ್ಪತ್ತೆರಡು. ಇಲ್ಲಿ ಮೈನಸ್ ಒಂಬತ್ತು."

"ನಾನು ಕಂಡಿದ್ದನ್ನೇ ಬರೆದಿದ್ದೀನಿ."

"ಅದು ಗೊತ್ತು. ನಾನೂ ನನ್ನ ಮಾಪಕ ತಂದಿಟ್ಟು ನೋಡಿದೆ. ಅದೂ ಒಂಬತ್ತೇ ಅಂತು. ಯಂತ್ರದಲ್ಲಿ ತಪ್ಪಿಲ್ಲ. ಆದ್ರೆ ಕಲ್ಲಿದ್ದಲು ಮಾತ್ರ ಮೈನಸ್ ಇಪ್ಪತ್ತೈದಕ್ಕೆ ಸುಡೋವಷ್ಟು ಹೋಗಿದೆ. ಎಲ್ಲಿಗೆ ಹೋಯ್ತು, ಹೇಳಿ?"

"ಒಲೆಗೇ ಹೋಗಿದ್ದು. ಈ ಅಂಕಿ ನೋಡ್ಕೊಂಡು ಕೂತ್ರೆ ಮಕ್ಕಳು ಸಾಯ್ತವೆ ಅಂತ ಕದಿರಾಲಿ ಹಾಕ್ತಿದ್ದಾನೆ. ಚಳಿ ಇದೆಯಪ್ಪ! ನೋಡಿ, ನನ್ನ ರೆಪ್ಪೆ ಅಂಟಿಕೊಳ್ತಿದೆ."

ಹಾಗೆ ಹೇಳುತ್ತಿದ್ದಂತೆಯೇ ನನ್ನ ರೆಪ್ಪೆಗಳು ಅಂಟುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಬಾಗಿಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಕಟ್ಟಿದ ಹಿಮ ಇಲ್ಲಿ ನಿಂತ ಮೇಲೆ ಕರಗಿ ಕೆನ್ನೆಯ ಮೇಲೆ ಇಳಿದಿತ್ತು. ಮೆದರ್‌ಬೆಕ್ ತನ್ನ ಬರಿಗೈಗಳನ್ನು ಎತ್ತಿ ತೋರಿಸಿದ.

"ನೋಡಿ, ಗವಸು ತೆಗೆದು ಎಷ್ಟು ಹೊತ್ತಾಯ್ತು. ಬೆಟ್ಟದ ಮರೆ ಇರಬೇಕು, ಗಾಳಿ ಬೀಳಲ್ಲ. ಅದಕ್ಕೇ ಒಂದೊಂದು ಕಟ್ಟಡಕ್ಕೂ ಬೇರೆ ಬೇರೆ ಪೆಟ್ಟಿಗೆ ಇಟ್ಟಿರೋದು." ಆಮೇಲೆ ದನಿ ತಗ್ಗಿಸಿದ. "ಗುರುವಾರ ಸಂಜೆ ಕೊನೇ ಸಲ ಬರ್ತೀನಿ ಎಜೆ. ಆಗ ಊರಿನ ಚಳಿ ಇಲ್ಲೂ ಕಂಡ್ರೆ ಹಳೇ ಅಂಕಿಗಳೆಲ್ಲ ತಪ್ಪು ಅಂತ ಬರೆದು ಬಿಡ್ತೀನಿ. ಕಾಣದಿದ್ರೆ ಕದಿರಾಲಿ ಅಣ್ಣ ಕಲ್ಲಿದ್ದಲು ಮಾರಿದ್ದಾರೆ ಅಂತಲೇ ಆಗುತ್ತೆ. ನನ್ನ ಕೈಯಲ್ಲಿ ಏನೂ ಇಲ್ಲ."

ಕದಿರಾಲಿಗೆ ಈ ಕೆಲಸ ಹೋದರೆ ಬರೀ ಕೆಲಸ ಹೋಗುವುದಿಲ್ಲ. ಅವನ ಹೆಂಡತಿ ಗುಲ್‌ಸುನ್ ಶರತ್ಕಾಲದಲ್ಲಿ ಪುಪ್ಪುಸದ ಕಾಯಿಲೆಯಿಂದ ತೀರಿಕೊಂಡಿದ್ದಳು. ಉಳಿದದ್ದು ಐದು ವರ್ಷದ ಮಗಳು ಸೆಜಿಮ್. ಗುಲ್‌ಸುನ್‌ಳ ತಾಯಿ ಕಣಿವೆಗಳಾಚೆ ಜಲಾಲ್-ಅಬಾದ್‌ನಲ್ಲಿದ್ದಾಳೆ. 'ನಿನಗೆ ಸಂಬಳ ನಿಂತ ದಿನ ಮಗೂನ ನಾನು ಕರ್ಕೊಂಡು ಹೋಗ್ತೀನಿ' ಎಂದು ನಲವತ್ತನೆಯ ದಿನದ ಊಟಕ್ಕೆ ಬಂದಾಗಲೇ ಹೇಳಿ ಹೋಗಿದ್ದಳು. ಆ ಊಟದ ಮರುದಿನ ಕದಿರಾಲಿ ನದಿಯಾಚೆಯ ತನ್ನ ಮನೆಗೆ ಬೀಗ ಹಾಕಿ, ಮಗಳನ್ನು ಕರೆದುಕೊಂಡು ಬಾಯ್ಲರ್ ಮನೆಯ ಪಕ್ಕದ ಕೋಣೆಗೆ ಬಂದುಬಿಟ್ಟ. ಅಲ್ಲಿಂದ ಅವರು ಕದಲಿಯೇ ಇರಲಿಲ್ಲ.

ಈ ವಿಚಿತ್ರ ಮೊದಲು ಶುರುವಾದದ್ದು ಸಂಜೆಯ ಹೊತ್ತಿನಲ್ಲಿ. ನಮ್ಮ ಕಣಿವೆಯಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿದನೆಂದರೆ ಚಳಿ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯುತ್ತದೆ. ಆ ಪೆಟ್ಟಿಗೆಯಲ್ಲಿ ಮಾತ್ರ ಅದೇ ಹೊತ್ತಿಗೆ ಪಾದರಸ ಮೇಲೇರುತ್ತಿತ್ತು. ಕೆಲವು ವಾರ ಕಳೆದ ಮೇಲೆ ಮಧ್ಯಾಹ್ನವೂ ಹಾಗೇ ಆಯಿತು. ಈಚೆಗೆ ಬೆಳಿಗ್ಗೆ ನಾನು ಹೋಗುವ ಮುಂಚೆಯೇ ಅಲ್ಲಿ ಬೆಚ್ಚಗಿರುತ್ತಿತ್ತು. ಯಾರೋ ದಿನದಿನಕ್ಕೂ ಸ್ವಲ್ಪ ಬೇಗ ಬಂದು, ಸ್ವಲ್ಪ ತಡವಾಗಿ ಹೋಗುತ್ತಿರುವ ಹಾಗೆ.

ಬುಧವಾರ ಸಂಜೆ ತಾಯಂದಿರು ಬಂದು ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಸೆಜಿಮ್ ಮೆಟ್ಟಿಲ ಮೇಲೆ ನಿಂತು ಗೇಟಿನ ಕಡೆಗೆ ಕೈ ಬೀಸಿದಳು. ಗೇಟಿನಲ್ಲಿ ಯಾರೂ ಇರಲಿಲ್ಲ.

"ಯಾರಿಗೆ ಟಾಟಾ ಮಾಡ್ತಿದ್ದೀಯ, ಮರಿ?"

"ಅಪಾಗೆ."

ಅಪಾ ಎಂದರೆ ನಮ್ಮಲ್ಲಿ ಅಮ್ಮ; ಇವಳ ಅಮ್ಮ ಮಣ್ಣಾಗಿ ತಿಂಗಳುಗಳಾಗಿದ್ದವು. ಆದರೂ ಮಗುವಿನ ಮುಂದೆ ದನಿ ನಡುಗಬಾರದಲ್ಲ. ಅವಳ ಟೋಪಿಯ ದಾರ ಬಿಗಿಸುತ್ತ ಕೇಳಿದೆ, "ಎಲ್ಲಿದ್ದಾಳೆ?"

"ಅಲ್ಲೇ, ಬಿಳಿ ಪೆಟ್ಟಿಗೆ ಹತ್ರ. ಒಳಗೆ ಬರಲ್ವಂತೆ. ಬೂಟು ಒದ್ದೆ, ನೆಲ ಹೊಲಸಾಗುತ್ತೆ."

ಇದೇ ಮಾತನ್ನು ಗುಲ್‌ಸುನ್ ಬದುಕಿದ್ದಾಗ ದಿನಾ ಹೇಳುತ್ತಿದ್ದಳು. ಅವಳು ಕಂಬಳಿ ಮಾಡುವಲ್ಲಿ ಉಣ್ಣೆ ತೊಳೆಯುವ ಕೆಲಸದಲ್ಲಿದ್ದಳು. ಸಂಜೆ ನೇರವಾಗಿ ಅಲ್ಲಿಂದಲೇ ಬಂದು, ಎಷ್ಟು ಕರೆದರೂ ಒಳಗೆ ಬರದೆ, ಗೇಟಿನ ಒಳಬದಿಯಲ್ಲಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಪೆಟ್ಟಿಗೆಯ ಕಂಬವನ್ನು ನೆಟ್ಟದ್ದು ಸರಿಯಾಗಿ ಅಲ್ಲೇ. ಆಗ ಅವಳು ಆಸ್ಪತ್ರೆಯಲ್ಲಿದ್ದಳು. ಯಾರಿಗೂ ನೆನಪಾಗಲಿಲ್ಲ.

ಮಗುವನ್ನು ಒಳಗೆ ಕಳಿಸಿ ನಾನೊಬ್ಬಳೇ ಪೆಟ್ಟಿಗೆಯ ಬಳಿ ಹೋದೆ. ಅಂಗಳದ ಉದ್ದಕ್ಕೂ ಹಿಮ ಕಾಲಡಿಯಲ್ಲಿ ಕಿರುಗುಟ್ಟುತ್ತಿತ್ತು, ಕಂಬದ ಹತ್ತಿರ ಸದ್ದು ನಿಂತಿತು. ಕೆಳಗೆ ನೋಡಿದೆ. ಕಂಬದ ಬುಡದಲ್ಲಿ ಅಂಗೈಯಗಲದ ಎರಡು ಜಾಗಗಳಲ್ಲಿ ಹಿಮವಿರಲಿಲ್ಲ. ಕಪ್ಪು ಮಣ್ಣು, ಒದ್ದೆ. ಎರಡೂ ಪಕ್ಕಪಕ್ಕ, ಮುಖ ಬಾಗಿಲಿನ ಕಡೆಗೆ.

ಪೆಟ್ಟಿಗೆಯ ಬಾಗಿಲು ತೆರೆದೆ. ಒದ್ದೆ ಉಣ್ಣೆಯ ವಾಸನೆ ಬಂತು. ನನ್ನ ಎಡಗೆನ್ನೆ ಬೆಚ್ಚಗಾಯಿತು, ಗುಟ್ಟು ಹೇಳಲು ಯಾರಾದರೂ ತೀರಾ ಹತ್ತಿರ ಬಾಗಿದಾಗ ಆಗುತ್ತದಲ್ಲ, ಹಾಗೆ. ಮೈನಸ್ ಹತ್ತರಲ್ಲಿದ್ದ ಪಾದರಸ ನಾನು ನೋಡುತ್ತಿದ್ದಂತೆಯೇ ಒಂಬತ್ತಕ್ಕೆ ಬಂತು. ಆಮೇಲೆ ಎಂಟಕ್ಕೆ. "ಬಿಸ್ಮಿಲ್ಲಾ" ಎಂದು ಬಾಗಿಲು ಮುಚ್ಚಿದೆ. ಜೋರಾಗಿ ಮುಚ್ಚಲಿಲ್ಲ. ಮಗುವಿಗಾಗಿ ಕಾಯುತ್ತಿರುವವಳ ಮುಖಕ್ಕೆ ಬಡಿದಂತೆ ಬಾಗಿಲು ಹಾಕಲು ನನಗೆ ಮನಸ್ಸು ಬರಲಿಲ್ಲ.

ಗುರುವಾರ ಬೆಳಿಗ್ಗೆ ಅಡುಗೆಮನೆಗೆ ಹೋದೆ. ನಮ್ಮ ಅಡುಗೆಯವಳು ಶಾರ್ಕನ್ ಎಜೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಾದುವುದನ್ನು ನಿಲ್ಲಿಸದೆ ಕೇಳಿದಳು.

"ಗಿಡ್ಡ ಸ್ಟೂಲ್ ಮೇಲೆ ಅರ್ಚಾ ಸೊಪ್ಪಿದೆ, ತಗೋ," ಎಂದಳು. "ಗೇಟಿನ ಸುತ್ತ ಹೊಗೆ ಹಾಕಿಬಿಡೋಣ. ಸಂಜೆಯೊಳಗೆ ಓಡಿ ಹೋಗ್ತಾಳೆ."

"ಎಲ್ಲಿಗೆ ಓಡಿಸ್ತೀರಿ, ಎಜೆ?"

ಅವಳ ಕೈ ನಿಂತಿತು.

"ಮನೆಗೆ ಹೋಗ್ಲಿ."

"ಮನೆಗೆ ಬೀಗ. ಒಲೆ ಹಚ್ಚಿ ಎಷ್ಟೋ ತಿಂಗಳಾಯ್ತು. ಅದಿರಲಿ, ಅವಳು ಮನೆ ಬಿಟ್ಟು ಇಲ್ಲಿಗ್ಯಾಕೆ ಬಂದ್ಲು? ಬೇರೆ ಸತ್ತವರು ಯಾರೂ ಕೆಲಸದ ಜಾಗಕ್ಕೆ, ಶಾಲೆಗೆ ಬಂದು ನಿಲ್ಲಲ್ಲ."

ಶಾರ್ಕನ್ ಎಜೆ ಹಿಟ್ಟನ್ನೇ ನೋಡುತ್ತ ನಿಂತಳು. ಒಲೆಯ ಮೇಲೆ ಬಾಣಲೆಯಲ್ಲಿ ಎಣ್ಣೆ ಕಾಯಲು ಶುರುವಾಗಿತ್ತು. ಅವಳು ದಡಬಡ ಹೋಗಿ ಬಾಣಲೆಯನ್ನು ಕೆಳಗಿಳಿಸಿದಳು.

"ಏನಾಯ್ತು?"

"ಮಗಳೇ, ಇವತ್ತು ಗುರುವಾರ."

ಆಗ ನನಗೂ ಹೊಳೆಯಿತು. ಗುರುವಾರ ಗುರುವಾರ ನಾವು ಎಣ್ಣೆ ಕಾಯಿಸಿ ಹಿಟ್ಟಿನ ತುಂಡುಗಳನ್ನು ಕರಿದು, ಹೋದವರ ಹೆಸರು ಹೇಳಿ ಕುರಾನ್ ಓದುತ್ತೇವೆ. ತಿನ್ನುವುದು ಬದುಕಿರುವವರು. ಹೋದವರಿಗೆ ಕಾದ ಎಣ್ಣೆಯ ವಾಸನೆ ಸಾಕು. ಅದು ತಲುಪಿದರೆ ನಮ್ಮನ್ನು ಮರೆತಿಲ್ಲವೆಂದು ಅವರಿಗೆ ಸಮಾಧಾನ. ಆ ವಾಸನೆ ಅವರವರ ಮನೆಯ ಹೊಸ್ತಿಲಿಂದ ಹೊರಡಬೇಕು.

"ಕದಿರಾಲಿ ಗಂಡಸು, ಒಬ್ಬನೇ, ಅವನೆಲ್ಲಿ ಕರೀತಾನೆ ಅಂತ," ಶಾರ್ಕನ್ ಎಜೆಯ ದನಿ ಸಣ್ಣದಾಯಿತು. "ಮಕ್ಕಳಿಗೆ ಹೇಗೂ ಇಲ್ಲಿ ಕರೀತೀನಲ್ಲ, ಅದರ ಜೊತೆಗೆ ಗುಲ್‌ಸುನ್ ಹೆಸರೂ ಹೇಳಿಬಿಡ್ತಿದ್ದೆ. ಹೇಳಿ ಈ ಕಿಟಕಿ ತೆಗೀತಿದ್ದೆ."

ಆ ಕಿಟಕಿ ಉತ್ತರಕ್ಕಿತ್ತು. ಅದರ ಎದುರಿಗೇ ಗೇಟು, ಕಂಬ, ಬಿಳಿ ಪೆಟ್ಟಿಗೆ.

"ನಾನೇ ಕರೆದು ನಿಲ್ಲಿಸಿಬಿಟ್ನಾ? ಪಾಪ, ಚಳೀಲಿ!" ಎಂದು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಮೂಗಿನ ತುದಿಗೂ ಹಿಟ್ಟು ಮೆತ್ತಿತು. ನಗು ಬರಬೇಕಾದ ಹೊತ್ತಲ್ಲ. ಆದರೂ ಇಬ್ಬರಿಗೂ ಸ್ವಲ್ಪ ನಗು ಬಂತು. ಆಮೇಲೆ ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ನೋಡಿದೆವು. ಗಾಜಿನ ತುಂಬ ಹಿಮದ ಹೂಗಳು. ನಡುವೆ ಒಂದು ಮುಖದಷ್ಟು ಜಾಗ ಮಾತ್ರ ಹೊರಗಿನಿಂದ ಕರಗಿ ತಿಳಿಯಾಗಿತ್ತು.

ಬಾಯ್ಲರ್ ಮನೆಯಲ್ಲಿ ಕದಿರಾಲಿ ಬೂದಿ ಎಳೆಯುತ್ತಿದ್ದ. ನಮ್ಮ ಮಾತು ಕೇಳಿ ಸಲಿಕೆಯನ್ನು ಗೋಡೆಗೆ ಆನಿಸಿಟ್ಟ.

"ಒಬ್ಬ ನನ್ನ ಕಳ್ಳ ಅಂತಾನೆ, ನೀವು ನನ್ನ ಹೆಂಡತಿ ಅಲೀತಿದ್ದಾಳೆ ಅಂತೀರಿ. ಇವತ್ತು ಇನ್ಯಾರಾದ್ರೂ ಬರೋರಿದ್ದಾರಾ, ಎಜೆ?"

"ಬೀಗದ ಕೈ ಕೊಡೋ," ಎಂದಳು ಶಾರ್ಕನ್ ಎಜೆ. "ನಾನು ಹೋಗಿ ಒಲೆ ಹಚ್ತೀನಿ. ಹಿಟ್ಟು ಕಲಸಿದ್ದಾಗಿದೆ. ಸಂಜೆ ಮಗಳನ್ನ ಕರ್ಕೊಂಡು ಮನೆಗೆ ಬಾ. ಅಷ್ಟೇ ನಿನ್ನ ಕೆಲಸ."

"ಆ ಒಲೆ ಹಚ್ಚಲ್ಲ."

"ಯಾಕೆ?"

"ಆಸ್ಪತ್ರೆಗೆ ಹೋಗೋ ಮುಂಚೆ ಕೊನೆಗೆ ಅದನ್ನ ಹಚ್ಚಿದ್ದು ಅವಳು, ನಲವತ್ತರ ಊಟಕ್ಕೂ ಅಂಗಳದ ಒಲೆಯಲ್ಲೇ ಬೇಯಿಸಿದ್ವಿ. ಆ ಬೂದಿ ಹಾಗೇ ಇದೆ. ನಾನು ಅದನ್ನ ಬಳಿದು ಹೊರಗೆ ಹಾಕಿದ್ರೆ ಅವಳು ಹೋದ ಹಾಗೆ."

ನಾನು ಹೇಳಿದೆ, "ಕದಿರಾಲಿ, ಅವಳು ಹೋಗಿಲ್ಲ. ಗೇಟಲ್ಲಿ ನಿಂತಿದ್ದಾಳೆ. ನೀನು ಮನೆಗೆ ಬೀಗ ಹಾಕಿದ್ದೀಯ, ಅದಕ್ಕೇ ನಿಂತಿದ್ದಾಳೆ. ಇವತ್ತು ಸಂಜೆಯೂ ಅಲ್ಲೇ ನಿಂತ್ರೆ ಮೆದರ್‌ಬೆಕ್ ವರದಿ ಬರೀತಾನೆ. ನಿಮ್ಮತ್ತೆ ಬಂದು ಮಗೂನ ಕರ್ಕೊಂಡು ಹೋಗ್ತಾಳೆ. ಆಗ ನೀನಿಲ್ಲಿ, ಮಗು ಕಣಿವೆಯಾಚೆ, ಇವಳು ಗೇಟಲ್ಲಿ. ಅದು ಬೇಕಾ?"

ಅವನು ಕೊರಳಿನ ದಾರದಲ್ಲಿದ್ದ ಬೀಗದ ಕೈಯನ್ನು ತೆಗೆದು ಶಾರ್ಕನ್ ಎಜೆಯ ಹಿಟ್ಟಿನ ಕೈಯಲ್ಲಿಟ್ಟ.

"ಬೂದಿ ಹೊರಗೆ ಚೆಲ್ಲಬೇಡಿ," ಎಂದ. "ಒಂದು ಡಬ್ಬಿಲಿ ಹಾಕಿಡಿ."

ಸಂಜೆ ಮೆದರ್‌ಬೆಕ್ ಬಂದಾಗ ಬಾನು ನೀಲಿಯಾಗಿ, ನದಿಯ ಮೇಲೆ ಆವಿ ಏಳುತ್ತಿತ್ತು. ಅಡುಗೆಮನೆಯ ಕಿಟಕಿಯನ್ನು ನಾನೇ ಭದ್ರವಾಗಿ ಮುಚ್ಚಿದ್ದೆ. ಇಬ್ಬರೂ ಕಂಬದ ಬಳಿ ನಿಂತೆವು. ಅವನು ಪೆಟ್ಟಿಗೆ ತೆರೆದ.

"ಎಂಟು," ಎಂದ. ಗವಸು ತೆಗೆದು ಜೇಬಿಗಿಟ್ಟುಕೊಂಡ. "ಊರಲ್ಲಿ ಈಗ ಇಪ್ಪತ್ನಾಲ್ಕು. ಕ್ಷಮಿಸಿ ಎಜೆ."

"ಸ್ವಲ್ಪ ತಡೀರಿ."

"ಎಷ್ಟು ಹೊತ್ತು ತಡೆದ್ರೂ..."

"ನಿಮಗೂ ತಾಯಿ ಇದ್ದಾಳಲ್ಲ, ಅವಳಿಗೋಸ್ಕರ ತಡೀರಿ."

ಏಕೆ ಹಾಗೆ ಹೇಳಿದೆನೋ ತಿಳಿಯದು. ಅವನು ಪೆಟ್ಟಿಗೆಯ ಬಾಗಿಲು ಹಿಡಿದುಕೊಂಡೇ ನಿಂತ. ನಾನು ನದಿಯಾಚೆ ದಿಟ್ಟಿಸುತ್ತಿದ್ದೆ. ಇಳಿಜಾರಿನ ಮನೆಗಳಿಗೆಲ್ಲ ಹೊಗೆಯಿತ್ತು. ಕದಿರಾಲಿಯ ಮನೆಯ ಕೊಳವೆ ಮಾತ್ರ ಸತ್ತಂತಿತ್ತು. ನನ್ನ ಎಡಕ್ಕೆ ಉಣ್ಣೆಯ ವಾಸನೆ. ನಾನು ತಿರುಗಿ ನೋಡಲಿಲ್ಲ.

ಕಡೆಗೂ ಆ ಕೊಳವೆಯಿಂದ ಒಂದು ಎಳೆ ಹೊಗೆ ಹೊರಟಿತು. ಮೊದಲು ಕಪ್ಪು, ಆಮೇಲೆ ಬಿಳಿ, ನೆಟ್ಟಗೆ ಮೇಲಕ್ಕೆ. ಸ್ವಲ್ಪ ಹೊತ್ತಿಗೆ ಗಾಳಿಯೇ ಇಲ್ಲದ ಆ ಸಂಜೆಯಲ್ಲಿ, ಅಷ್ಟು ದೂರದಿಂದ, ಕಾದ ಎಣ್ಣೆಯ ವಾಸನೆ ಬಂತು. ಮೆದರ್‌ಬೆಕ್‌ಗೂ ಬಂತು. ಮೂಗೆತ್ತಿ, "ಯಾರೋ ಕರೀತಿದ್ದಾರೆ," ಎಂದ.

ನನ್ನ ಪಕ್ಕದಲ್ಲಿ ಯಾರೋ ಉಸಿರೆಳೆದುಕೊಂಡರು. ಅದು ಮೆದರ್‌ಬೆಕ್ ಅಲ್ಲ. ಅವನು ಬಲಕ್ಕಿದ್ದ.

ಆಗ ಬಾಗಿಲು ತೆರೆದು ಕದಿರಾಲಿ ಮತ್ತು ಸೆಜಿಮ್ ಮೆಟ್ಟಿಲಿಳಿದರು. ಅವನು ಮಗಳ ಎಡಗೈ ಹಿಡಿದಿದ್ದ. ಕಣ್ಣು ನೆಲದ ಮೇಲೆ. ಕಂಬದ ಹತ್ತಿರ ಬಂದಾಗ ಮಗು ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಬರಿಗೈಯನ್ನು ಪಕ್ಕಕ್ಕೆ ಚಾಚಿತು. ಪುಟ್ಟ ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡವು.

"ಮನೆಗೆ ಹೋಗೋಣ್ವಾ?" ಎಂದಿತು. ತಂದೆಯ ಕಡೆಗೆ ತಿರುಗಿ ಕೇಳಿದ್ದಲ್ಲ.

"ಹೋಗೋಣ," ಎಂದ ಕದಿರಾಲಿ.

ಅವರು ಗೇಟು ದಾಟಿದರು. ಮಗುವಿನ ಬಲಗೈ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ, ಹಾಗೇ ಇತ್ತು. ದೊಡ್ಡವರ ಕೈ ಹಿಡಿದಾಗ ಮಕ್ಕಳ ತೋಳು ಇರುತ್ತದಲ್ಲ, ಅಷ್ಟೇ ಎತ್ತರಕ್ಕೆ.

"ಎಜೆ, ಇದು ಇಳೀತಿದೆ!" ಮೆದರ್‌ಬೆಕ್ ಪೆಟ್ಟಿಗೆಯೊಳಗೆ ತಲೆಯಿಟ್ಟಿದ್ದ. "ಹನ್ನೆರಡು... ಹದಿನೈದು. ಇಷ್ಟು ಬೇಗ ಎಲ್ಲಾದ್ರೂ..." ಅವನು ಗಡಿಬಿಡಿಯಲ್ಲಿ ಗವಸು ಹುಡುಕಿದ. ನನ್ನ ಕೆನ್ನೆಯ ಮೇಲಿದ್ದ ನೀರು ಗಟ್ಟಿಯಾಗಿ ಚರ್ಮ ಸೆಳೆಯಿತು. ಇಪ್ಪತ್ನಾಲ್ಕಕ್ಕೆ ಬಂದು ಪಾದರಸ ನಿಂತಿತು.

ಮೆದರ್‌ಬೆಕ್ ಗೇಟಿನಾಚೆ ನೋಡಿದ. ಸೇತುವೆಯ ದಾರಿಯಲ್ಲಿ ಕದಿರಾಲಿಯ ದೊಡ್ಡ ಹೆಜ್ಜೆಗಳು, ಪಕ್ಕದಲ್ಲಿ ಮಗುವಿನ ಚಿಕ್ಕ ಹೆಜ್ಜೆಗಳು. ಅವುಗಳ ಬಲಕ್ಕೆ, ಹೆಜ್ಜೆ ಹೆಜ್ಜೆಗೂ, ಹಿಮ ಕರಗಿ ನೆಲ ಕಪ್ಪಾಗಿ ಕಾಣುತ್ತಿತ್ತು.

"ಉಪ್ಪು ಚೆಲ್ಲಿದ್ದಾರೇನೋ," ಎಂದ.

"ಹೂಂ," ಎಂದೆ. "ಉಪ್ಪೇ ಇರಬೇಕು."

ಪೆಟ್ಟಿಗೆಯನ್ನು ತಪ್ಪು ಜಾಗದಲ್ಲಿ ಇಡಲಾಗಿತ್ತು, ಹಳೆಯ ಅಂಕಿಗಳನ್ನು ಪರಿಗಣಿಸಬಾರದು ಎಂದು ಅವನು ವರದಿ ಕೊಟ್ಟ. ಕಂಬವನ್ನು ಕಿತ್ತು ಉಗ್ರಾಣದ ಹಿಂದೆ ನೆಟ್ಟರು. ಅಲ್ಲಿ ಊರಿಗಿರುವ ಚಳಿಯೇ ಇದೆ, ಕದಿರಾಲಿ ಸುಡುವ ಕಲ್ಲಿದ್ದಲು ಅದಕ್ಕೆ ಸರಿಹೊಂದುತ್ತದೆ. ಗೇಟಿನ ಬಳಿ ಅಂಗೈಯಗಲದ ಆ ಎರಡು ಜಾಗಗಳೂ ಮರುದಿನದ ಹಿಮದಲ್ಲಿ ಮುಚ್ಚಿಹೋದವು. ಮಗುವಿನ ಅಜ್ಜಿಗೆ ಬರಲು ಕಾರಣವೇ ಸಿಗಲಿಲ್ಲ. ಶಾರ್ಕನ್ ಎಜೆ ಈಗ ಶಿಶುವಿಹಾರದಲ್ಲಿ ಕರಿಯುವಾಗ ಯಾರ ಹೆಸರನ್ನೂ ಹೇಳುವುದಿಲ್ಲ, ತುಟಿ ಬಿಗಿದುಕೊಂಡು ಕರಿಯುತ್ತಾಳೆ.

ಕೆಲವು ದಿನ ಕಳೆದ ಮೇಲೆ ಬಾಯ್ಲರ್ ಮನೆಯ ಮುಂದೆ ಕದಿರಾಲಿ ಸಿಕ್ಕಿದ. ಮುಖ ಸ್ವಲ್ಪ ತುಂಬಿಕೊಂಡಿತ್ತು.

"ಮನೆ ಹೇಗಿದೆ?" ಎಂದು ಕೇಳಿದೆ.

"ಎಜೆ, ಒಂದು ವಿಚಿತ್ರ," ಎಂದು ಆಚೀಚೆ ನೋಡಿದ. "ಹಳೇ ಮನೆ, ಗೋಡೆ ತುಂಬ ಬಿರುಕು. ಮುಂಚೆ ಇಡೀ ರಾತ್ರಿ ತುಂಬಿದ್ರೂ ಸಾಲ್ತಿರಲಿಲ್ಲ. ಈಗ ಸಂಜೆ ಒಂದು ಸಲಿಕೆ ಕಲ್ಲಿದ್ದಲು ಹಾಕಿದ್ರೆ ಬೆಳಗಿನ ತನಕ ಬೆಚ್ಚಗಿರುತ್ತೆ. ಮೆದರ್‌ಬೆಕ್‌ಗೆ ಹೇಳಬೇಡಿ, ಅಳೆಯೋಕೆ ಬಂದುಬಿಡ್ತಾನೆ."

ಅವನು ನಕ್ಕ. ನಾನೂ ನಕ್ಕೆ.

ಸೆಜಿಮ್ ಈಗ ನದಿ ದಾಟಿ ಬರುವ ಮಕ್ಕಳ ಸಾಲಿನಲ್ಲಿ ಬರುತ್ತಾಳೆ. ಬಲಗೈಗೆ ಗವಸು ಹಾಕಿಕೊಳ್ಳುವುದಿಲ್ಲ. ಬೈದೂ ನೋಡಿದೆ, ಮುದ್ದು ಮಾಡಿಯೂ ನೋಡಿದೆ. ಎಷ್ಟೇ ಚಳಿಯಿರಲಿ, ಬೆಳಿಗ್ಗೆ ಅವಳ ಎರಡೂ ಕೈಗಳನ್ನು ನನ್ನ ಅಂಗೈಯಲ್ಲಿ ತೆಗೆದುಕೊಳ್ಳುತ್ತೇನೆ. ಗವಸಿನಲ್ಲಿದ್ದ ಎಡಗೈ ಮೀನಿನ ಹಾಗೆ ತಣ್ಣಗಿರುತ್ತದೆ. ಬರಿಯ ಬಲಗೈ ಬೆಚ್ಚಗಿರುತ್ತದೆ, ಸ್ವಲ್ಪ ಒದ್ದೆಯಾಗಿರುತ್ತದೆ, ಉಣ್ಣೆಯ ವಾಸನೆ ಬರುತ್ತದೆ. ಕೆನ್ನೆ ತಟ್ಟಿ ಒಳಗೆ ಬಿಡುತ್ತೇನೆ.